ಉಪ್ಪಿನ ಲೆಕ್ಕ

ನಡಾವಳಿ ಬರೆಯುವುದು ನನ್ನ ಕೆಲಸ.
ಇಪ್ಪತ್ತೆರಡು ವರ್ಷ, ಸೇಂಟ್ ಒನೊರೀನ್ ನಗರಸಭೆಯಲ್ಲಿ
ಮೇಯರ್ ಕುರ್ಚಿಯ ಎಡಕ್ಕೆ, ಹೀಟರಿನ ಪಕ್ಕದ ಮೇಜು.
ಕೆಮ್ಮಿದ್ದನ್ನು ಬರೆಯುವುದಿಲ್ಲ, ಬೆವರಿದ್ದನ್ನು ಬರೆಯುವುದಿಲ್ಲ.
ಮಂಡಿಸಿದವರು, ಅನುಮೋದಿಸಿದವರು, ಮತ ಎಷ್ಟು.
ಅಷ್ಟೆ.

ನವೆಂಬರಿನಿಂದ ಏಪ್ರಿಲ್‌ತನಕ ಇಲ್ಲಿ ಆಕಾಶವೇ ಬೀದಿಗೆ ಬೀಳುತ್ತದೆ.
ಬಿದ್ದದ್ದನ್ನು ಎತ್ತಲು ಒಂದು ಗುತ್ತಿಗೆ,
ಉಳಿದದ್ದನ್ನು ಕರಗಿಸುವ ಉಪ್ಪಿಗೆ ಇನ್ನೊಂದು.
ಐದು ಕಂಪನಿ, ಐದು ಟೆಂಡರು,
ಐದರಲ್ಲೂ 'ಡಿಸೆಂಬರ್' ಬರೆದಲ್ಲಿ ಒಂದೇ ಕಾಗುಣಿತದ ತಪ್ಪು.
ಗೆಲ್ಲುತ್ತಿದ್ದವನು ಕಾಲೊಜೆರೊ ಸ್ಪಾನೊ.
ಅವನು ದನಿ ಏರಿಸಿದ್ದನ್ನು ಕೂಡ ನಾನು ಕೇಳಿಲ್ಲ.
ಬಾಗಿಲು ಹಿಡಿದು ನಿಂತು ಹೆಂಗಸರನ್ನು ಮೊದಲು ಬಿಡುತ್ತಿದ್ದ,
ಕ್ರಿಸ್ಮಸ್ಸಿಗೆ ಎಲ್ಲರ ಮನೆಗೂ ಒಂದೊಂದು ಡಬ್ಬಿ ಒಣ ಅಂಜೂರ.
ಕಡಿಮೆ ಬೆಲೆ ಬರೆದ ಆರನೆಯವನೊಬ್ಬನಿದ್ದ, ಗಿಲ್ಬೇರ್ ಊಡ್.
ಒಂದು ಬೆಳಗ್ಗೆ ನೋಡಿದರೆ ಅವನ ಮೂರು ಲಾರಿ
ಬಿಳಿಯ ಮೇಲೆ ಮೂರು ಕಪ್ಪು ಎಲುಬುಗೂಡು.
ವಿದ್ಯುತ್ ದೋಷ, ಎಂದಿತು ವರದಿ.
ಹಾಗೇ ಬರೆದೆ.

ರೇಜಾನ್ ತಿಫೋ, ನಮ್ಮ ಮೇಯರ್,
ನನ್ನ ಜೊತೆ ಶಾಲೆಗೆ ಬಂದವನು, ಭಾಗಾಕಾರ ಬಾರದವನು.
ಈ ಸಲ ಮರುಟೆಂಡರು ಎಂದು ರೇಡಿಯೋದಲ್ಲಿ ಹೇಳಿದ್ದ.
ಮಂಗಳವಾರದ ಸಭೆಗೆ ಬಂದಾಗ
ಅವನ ಕಡತದ ಮೇಲೊಂದು ಖಾಕಿ ಲಕೋಟೆ.
ಅಂಟಿಸಿರಲಿಲ್ಲ. ಅದು ಹೇಳಬೇಕಾದ್ದೂ ಅಷ್ಟೇ.

ನೀರು ತರಲು ಎದ್ದಾಗ ನನ್ನ ಕಣ್ಣಿಗೆ ಬಿದ್ದದ್ದು:
ಹೆಪ್ಪುಗಟ್ಟಿದ ಕೆರೆಯ ಮೇಲಿನ ಮೀನುಗಾರರ ಗುಡಿಸಲು,
ಒಲೆಯ ಬಳಿ ಎರಡು ಜೊತೆ ಬೂಟು,
ಒಂದೇ ಕಂಬಳಿ. ಚರ್ಚಿನಲ್ಲಿ ಆರ್ಗನ್ ನುಡಿಸುವ ಫೆರ್ನಾನ್
ನಿದ್ದೆಯಲ್ಲಿ, ರೇಜಾನನ ಭುಜಕ್ಕೆ ತಲೆಯಿಟ್ಟು.
ಇಷ್ಟು ನೆಮ್ಮದಿಯ ಫೋಟೋ ನಾನು ಇನ್ನೊಂದು ನೋಡಿಲ್ಲ.

'ವಿರೋಧ' ಎಂದು ಎತ್ತಲು ಹೊರಟ ಕೈ
ಅರ್ಧ ದಾರಿಯಲ್ಲಿ ಕೂದಲು ಸರಿಪಡಿಸಿತು.
ಆಮೇಲೆ ಅವನು 'ಪರ' ಎಂದ, ನನ್ನ ಕಡೆ ನೋಡದೆ.

ಈಗ ಹೇಳುತ್ತೇನೆ, ಹೇಳಬೇಕಾದವಳು ಆಗಲೇ ಹೇಳಬೇಕಿತ್ತು:
ಊರಿಗೆ ಗೊತ್ತಿತ್ತು, ರೇಜಾನ್.
ಶನಿವಾರ ಎರಡು ರೊಟ್ಟಿ ಕಟ್ಟಿಕೊಡುತ್ತಿದ್ದ ಬೇಕರಿಯ ಮುದುಕಿಗೆ ಗೊತ್ತಿತ್ತು.
ಪಾದ್ರಿಗೆ ಗೊತ್ತಿತ್ತು, ಪ್ರಾರ್ಥನೆಯ ಹೊತ್ತು ಬದಲಿಸಿಕೊಟ್ಟಿದ್ದ.
ನಿನ್ನ ಹೆಂಡತಿ ಪೋಲೀನಳಿಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು,
ಒಂದೇ ನೂಲಿನುಂಡೆಯಿಂದ ಎರಡು ಮಫ್ಲರ್ ಹೆಣೆದವಳು ಅವಳೇ.
ಗುಟ್ಟು ಗುಟ್ಟಾಗಿ ಉಳಿದದ್ದು ನಿನ್ನೊಬ್ಬನ ಪಾಲಿಗೆ.
ನಿನಗೆ ನೋವಾದೀತೆಂದು ಯಾರೂ ಬಾಯಿಬಿಡಲಿಲ್ಲ,
ಆ ಮೌನದಲ್ಲೇ ಸ್ಪಾನೊ ಅಂಗಡಿ ತೆರೆದ.
ಎಲ್ಲರಿಗೂ ಗೊತ್ತಿದ್ದ ಗುಟ್ಟಿಗೆ
ಇಡೀ ಊರು ಒಂಬತ್ತು ಚಳಿಗಾಲ ಬಾಡಿಗೆ ಕಟ್ಟಿತು,
ಟನ್ ಉಪ್ಪಿಗೆ ನೂರ ನಲವತ್ತು ಡಾಲರಿನಂತೆ.

ಆ ಉಪ್ಪು ಬೂಟಿನ ಅಂಚಿಗೆ ಬಿಳಿ ಗೆರೆಯಾಗಿ ಕೂರುತ್ತದೆ.
ಒರೆಸಿದರೆ ಹೋಗುತ್ತದೆ, ಒಣಗಿದರೆ ಬರುತ್ತದೆ.

ರೇಜಾನ್ ಈಗಿಲ್ಲ. ಕೆರೆಯಲ್ಲ, ಗುಂಡಲ್ಲ, ಬರೀ ಹೃದಯ.
ಶವಪೆಟ್ಟಿಗೆಯ ಹಿಂದೆ ಪೋಲೀನ್ ನಡೆದಳು, ಫೆರ್ನಾನನ ತೋಳು ಹಿಡಿದು.
ಯಾರೂ ಹುಬ್ಬೇರಿಸಲಿಲ್ಲ.

ಮೊನ್ನೆ ವಿಚಾರಣಾ ಆಯೋಗದ ಮುಂದೆ ನನ್ನ ಸರದಿ.
ಮೂವತ್ತೊಂದನೇ ಪುಟ ಓದಿ, ಎಂದರು ನ್ಯಾಯಾಧೀಶೆ.
ಓದಿದೆ.
'ಇಬ್ಬರು ಸದಸ್ಯರು ಕೈ ಎತ್ತಿರಲಿಲ್ಲ,
ಸರ್ವಾನುಮತ ಎಂದಿದೆ. ಯಾರ ಅಕ್ಷರ?'
ನನ್ನದು.
'ನಿಮಗೂ ಲಕೋಟೆ ಬಂದಿತ್ತೇ?'
ಇಲ್ಲ. ನನಗೆ ಲಕೋಟೆ ಬೇಕಿರಲಿಲ್ಲ.
ಹದಿನಾಲ್ಕನೇ ನಂಬರಿನ ಹಿಮದ ಗಾಡಿ ಓಡಿಸುವವನು
ಎರಡು ಕಡೆ ಕೆಲಸ ಕಳೆದುಕೊಂಡು ಬಂದಿದ್ದ ನನ್ನ ಮಗ ಗಿಲೇನ್.
ಅಂಜೂರದ ಡಬ್ಬಿಯ ಜೊತೆಗೇ ಬಂದಿತ್ತು ಅವನ ನೇಮಕದ ಪತ್ರ.
ಅವನಿಗೆ ಇವತ್ತಿಗೂ ಅದು ತನ್ನ ಯೋಗ್ಯತೆ.

ಗಂಟಲು ಕಟ್ಟಿತು. ಕೆಮ್ಮಿದೆ.
ನ್ಯಾಯಾಧೀಶೆ ನೀರಿನ ಲೋಟ ನನ್ನ ಕಡೆ ಸರಿಸಿದರು.
ಮೂಲೆಯಲ್ಲಿ, ಹೀಟರಿನ ಪಕ್ಕ,
ಎಳೆ ವಯಸ್ಸಿನವಳೊಬ್ಬಳು ನಡಾವಳಿ ಬರೆಯುತ್ತಿದ್ದಳು.
ನಾನು ಕುಡಿದು ಮುಗಿಸುವ ತನಕ
ಅವಳ ಬೆರಳು ಆಡಲಿಲ್ಲ.