ಬಚ್ಚಲು ಬಿಚ್ಚಿದ್ದು

ನಿಟುವಳ್ಳಿಯ ಈ ಮನೆಗೆ ಎಂಟು ದಿನಕ್ಕೊಮ್ಮೆ ನಲ್ಲಿ ನೀರು,
ಅದೂ ನಡುರಾತ್ರಿ,
ಮೊದಲು ಕೆಮ್ಮಿ, ಆಮೇಲೆ ಕೆಂಪಗೆ, ಆಮೇಲೆ ತಿಳಿಯಾಗಿ.
ಹಾಗಾಗಿ ಬಚ್ಚಲಲ್ಲೊಂದು ತೊಟ್ಟಿ,
ತೊಟ್ಟಿಗೂ ಅದರ ಮೇಲಿನ ಗೋಡೆಗೂ
ತಿಳಿನೀಲಿ ಟೈಲ್ಸು.

ಗೋಡೆಯ ಮೂರನೇ ಸಾಲು, ಐದನೆಯದು ಟೊಳ್ಳು.
ನನಗೆ ಗೊತ್ತಿತ್ತು.
ತಂಬಿಗೆ ತಾಗಿದಾಗಲೆಲ್ಲ
ಉಳಿದವು ಟಣ್ ಅಂದರೆ ಅದು ಡಬ್ ಅನ್ನುತ್ತಿತ್ತು.
ಸಂತೆಯಲ್ಲಿ ಕಲ್ಲಂಗಡಿ ಬಾರಿಸಿ ನೋಡುವವಳಿಗೆ
ಅಷ್ಟೂ ತಿಳಿಯದೆ?
ಮೂರು ವರ್ಷ ಸುಮ್ಮನಿದ್ದೆ.

ಹಚ್ಚಿದವರು ಇವರೇ.
ಹಲ್ಲಿನ ಕಾಲೇಜಿನ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ
ಊರವರ ಬಾಯಿಗೆ ಹಲ್ಲು ಕೂರಿಸಿದ ಹಾಲೇಶಪ್ಪ
"ಇದೂ ಹಲ್ಲೇ ಕಣೇ, ಸ್ವಲ್ಪ ದೊಡ್ಡದು" ಅಂತ
ಬೇಸಿಗೆ ರಜೆಯ ಹದಿನೈದು ದಿನ
ಲುಂಗಿ ಎತ್ತಿ ಕಟ್ಟಿ ಕೂತರು.
ಸಿಮೆಂಟು ಕಲೆಸಿಕೊಟ್ಟವಳು ನಾನು, ರೊಟ್ಟಿ ಹಿಟ್ಟಿನ ಹದಕ್ಕೆ.
ಮುಗಿದ ಸಂಜೆ ಮಂಡಕ್ಕಿ ಮಿರ್ಚಿ ತಂದು
ನಾಲ್ಕು ಮನೆಯವರನ್ನು ಕರೆದು ತೋರಿಸಿದರು.
ಬಚ್ಚಲು ನೋಡಲು ಬಂದವರು
ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು.

ನೀರಿಗೆ ಅವಸರವಿಲ್ಲ.
ಮೊದಲು ಸಂದಿಯಲ್ಲಿ ಕಪ್ಪು ಗೆರೆ,
ಆಮೇಲೆ ಗೋಡೆಯಾಚೆ, ಅಡಿಗೆಮನೆಯಲ್ಲಿ,
ಜೋಳದ ಡಬ್ಬಿಯ ಹಿಂದೆ
ಸುಣ್ಣ ಹಪ್ಪಳದಂತೆ ಉಬ್ಬಿತು.
ಬಿಳಿ ಉಪ್ಪು ಅರಳಿತು. ಗುಡಿಸಿದೆ. ಮತ್ತೆ ಅರಳಿತು.
ಡಬ್ಬಿಯನ್ನೇ ಗೋಡೆಗೆ ಇನ್ನಷ್ಟು ಒತ್ತಿಟ್ಟೆ.

ಒಂದು ಬೆಳಗು ಐದನೆಯದು ತಾನೇ ಕಳಚಿ
ತೊಟ್ಟಿಯ ನೀರಿಗೆ ಬಿತ್ತು.
ಇವರು ಹಲ್ಲುಜ್ಜುತ್ತ ನಿಂತಿದ್ದರು.

ಜಬೀವುಲ್ಲಾ ಬಂದ. ಸುತ್ತಿಗೆಯ ಹಿಡಿಯಿಂದ
ಗೋಡೆಯುದ್ದಕ್ಕೂ ತಟ್ಟಿ ಕಿವಿಗೊಟ್ಟ.
"ಹನ್ನೊಂದು ಹೋಗ್ಯಾವೆ. ಊಹೂಂ, ಹತ್ತೊಂಬತ್ತು."
ಚಾಣದ ಮೊದಲ ಪೆಟ್ಟಿಗೇ
ಇಡೀ ಸಾಲು ಮುದುಕರ ಪಂಕ್ತಿಯಂತೆ ಕೈಗೆ ಬಂತು.
ಹಿಂದೆ ಇಟ್ಟಿಗೆ ನೆನೆದ ಬೆಲ್ಲವಾಗಿತ್ತು.
"ಯಾವ ಪುಣ್ಯಾತ್ಮ ರೀ ಇದನ್ನ ಹಚ್ಚಿದ್ದು?
ಗೋಡೆಗೆ ಹನಿ ನೀರು ಚಿಮುಕಿಸಿಲ್ಲ, ಟೈಲ್ಸು ನೆನೆಸಿಲ್ಲ,
ನಾಲ್ಕು ಮೂಲೆಗೆ ನಾಲ್ಕು ಉಂಡೆ, ನಡುವೆಲ್ಲ ಗಾಳಿ!"
ಟಾರ್ಚು ಹಿಡಿದಿದ್ದ ಇವರ ಕೈ
ಬೆಳಕನ್ನು ನೆಲಕ್ಕೆ ಇಳಿಸಿತು.
ನಾನು ಬಾಗಿಲಿಂದಲೇ ಅಂದೆ:
"ಯಾರೋ ಹರಿಹರದ ಕಡೆಯವನಪ್ಪ. ಈಗ ಸಿಗಲ್ಲ."

ಆಮೇಲೆ ಹನ್ನೆರಡು ದಿನ
ಹಿತ್ತಲ ಒಗೆಯೋ ಕಲ್ಲಿನ ಬಳಿ, ಹಳೇ ಸೀರೆಯ ಮರೆಯಲ್ಲಿ,
ಬೆಳಕು ಹರಿಯುವ ಮೊದಲೇ ನಮ್ಮ ಸ್ನಾನ.
ಇವರು ಲ್ಯಾಬಿಗೆ ರಜೆ ಹಾಕಿ
ಎಣಿಸಿ ಎಣಿಸಿ ಟೈಲ್ಸು ನೆನೆಹಾಕಿದರು,
ರಸಮಟ್ಟದ ಗುಳ್ಳೆ ನಡುವೆ ನಿಲ್ಲುವವರೆಗೂ ಉಸಿರು ಹಿಡಿದರು,
ಕರಣೆ ಅಂದರೆ ಕರಣೆ, ದಾರ ಅಂದರೆ ದಾರ.
ಹೊಸ ಗಾರೆಗೆ ದಿನಕ್ಕೆ ಮೂರು ಸಲ ನೀರು ಉಣಿಸಬೇಕಂತೆ.
ನೀರು ಕಂಡರೆ ಮುಖ ತಿರುವುವ ಗೋಡೆ ಬೇಕಾದರೆ
ಮೊದಲು ಹೊಟ್ಟೆ ತುಂಬ ಕುಡಿಸಿ, ಅಂದ ಜಬೀವುಲ್ಲಾ.
ತೊಟ್ಟಿ ಬರಿದಾದ ಮನೆಯಲ್ಲಿ ಕೊಡ ಅಳೆದು ಗೋಡೆಗೆ ಕುಡಿಸಿದೆವು,
ಅರ್ಧ ತಂಬಿಗೆಯಲ್ಲಿ ಮುಖ ತೊಳೆದೆವು.

ಕೊನೆಯ ದಿನ, ಬಿಳಿ ಸಿಮೆಂಟು ಸಂದಿಗೆ ತುಂಬುವಾಗ,
ಗೋಡೆಗೆ ಹೇಳಿದಂತೆ ಇವರು ಹೇಳಿದರು:
"ಹರಿಹರದವ ಯಾರೂ ಇಲ್ಲ. ನಾನೇ."
ಜಬೀವುಲ್ಲಾ ಕೈ ನಿಲ್ಲಿಸಲಿಲ್ಲ.
"ಮೊದಲ ದಿನ ಸಂಜೇನೇ ಗೊತ್ತಾತು ಸರ್.
ಚೂರು ಎತ್ತಿ ಹಾಕುವಾಗ ನೋಡಿದೆ,
ಒಂದೊಂದು ಉಂಡೆ ಮೇಲೂ ಹೆಬ್ಬೆಟ್ಟು ಒತ್ತೈತಿ.
ಕೂಲಿಯವನು ಹಂಗೆ ಒತ್ತಲ್ಲ."
ನಕ್ಕ. ಮೇಲಿನ ಸಾಲಲ್ಲಿ, ಎಡಕ್ಕೆ, ಒಂದು ಹಲ್ಲಿರಲಿಲ್ಲ.
ಇವರು ನಾಚಿಕೆ ಮರೆತು
ಆ ಸಂದಿಯ ಅಳತೆಯಲ್ಲಿ ಮುಳುಗಿದ್ದರು.

ಒಂದು ಹಳೇ ಟೈಲ್ಸು ಅಡಿಗೆಮನೆಯಲ್ಲಿದೆ,
ಬಿಸಿ ಪಾತ್ರೆ ಇಡಲು.
ಮಗುಚಿದರೆ ಹೆಬ್ಬೆಟ್ಟು. ಮಗುಚುವುದಿಲ್ಲ.

ಈಗ ತಂಬಿಗೆ ತಾಗಿದರೆ ಎಲ್ಲವೂ ಟಣ್.
ಆದರೂ ಒಂದು, ಕಿಟಕಿಯ ಕೆಳಗಿನದು,
ಇರು, ಇನ್ನೊಮ್ಮೆ ತಟ್ಟಿ ನೋಡುತ್ತೇನೆ.
ಈ ಸಲ ಡಬ್ ಅಂದರೆ
ಒದ್ದೆ ಮೈಯಲ್ಲೇ ಅಗುಳಿ ತೆಗೆದು ಕೂಗುತ್ತೇನೆ.