ನಲವತ್ತನೆಯ ನಿಮಿಷ

ತಣ್ಣಗಿದ್ದಾಗ ಈ ಹುಲ್ಲು ಕತ್ತರಿಸುವ ಗಾಡಿಗೆ ರೋಗವೇ ಇಲ್ಲ.
ವಿಸ್ಕಾನ್ಸಿನ್ನಿನ ಲೂಥರನ್ ಚರ್ಚಿನ ಹಿಂದೆ
ಗೋರಿಗಳ ನಡುವೆ ಎರಡು ಸಾಲು ಗುಡುಗುಡು ಮೇಯುತ್ತದೆ.
ನಲವತ್ತನೆಯ ನಿಮಿಷಕ್ಕೆ, ಸರಿಯಾಗಿ
ಲೈಲ್ ಟೋರ್ಗರ್ಸನ್ನನ ಕಲ್ಲಿನ ಬಳಿ
ದಮ್ಮು ಕಟ್ಟಿ, ಕೆಮ್ಮಿ, ನಿಲ್ಲುತ್ತದೆ.

ಊರಿನ ಎಂಜಿನ್ನುಗಳಿಗೆಲ್ಲ ವೈದ್ಯ ಅವನೇ ಆಗಿದ್ದ.
ಈಗ ಕೇಳಿದರೆ ಹೇಳುವವನಲ್ಲ.

ಆರ್ಡಿಸ್ ಟ್ಯಾಂಕಿನ ಮುಚ್ಚಳ ಸಡಿಲಿಸಿದಳು:
ಗಾಳಿ ಎಳೆದ ಸದ್ದಿಲ್ಲ.
ಪ್ಲಗ್ಗು ಕಳಚಿ ಕಬ್ಬಿಣಕ್ಕೆ ತಾಗಿಸಿದಳು:
ಬಿಸಿಯಲ್ಲೂ ನೀಲಿ ಕಿಡಿ, ಪಟ್ಟೆಂದು.
ಹಾಗಾದರೆ ಕಾಯಿಲ್ ಅಲ್ಲ.
ಫಿಲ್ಟರು ಹೋದ ವಾರವಷ್ಟೇ ಹೊಸದು.
ಬೆರಳು ಸುಟ್ಟುಕೊಂಡು, ಬೈದು,
ಫ್ಯಾನಿನ ತಗಡಿನ ನಾಲ್ಕೂ ಬೋಲ್ಟು ಬಿಚ್ಚಿದಳು.

ಒಳಗೆ, ಸಿಲಿಂಡರಿನ ರೆಕ್ಕೆಗಳ ಸಂದಿಗೆ ಒತ್ತಿ ತುಂಬಿದ
ಇಲಿಯ ಗೂಡು.
ಒಣಹುಲ್ಲು, ಯಾರದೋ ಮಾಲೆಯ ರಿಬ್ಬನ್ನು,
ಪ್ಲಾಸ್ಟಿಕ್ ಗುಲಾಬಿಯ ಐದು ಎಸಳು,
ಸೈನಿಕನ ಗೋರಿಯ ಬಾವುಟದ ಕೆಂಪು ದಾರ.
ಮರಿಗಳಿಲ್ಲ. ಚಳಿಗಾಲದ್ದಿರಬೇಕು.

ಸ್ಕ್ರೂಡ್ರೈವರಿನಲ್ಲಿ ಕೆದಕಿ, ಊದಿ,
ಗೂಡನ್ನು ಯಾಕೋ ಎಸೆಯದೆ
ಲೈಲನ ಕಲ್ಲಿನ ಮೇಲಿಟ್ಟಳು,
ಬಿಚ್ಚಿದ ಹಳೆಯ ಭಾಗವನ್ನು ಅವನು
ಗಿರಾಕಿಯ ಮುಂದೆ ಇಡುತ್ತಿದ್ದ ಹಾಗೆ.

ಐವತ್ತು ನಿಮಿಷ. ಅರವತ್ತು.
ಆ ಕಲ್ಲು ದಾಟುವಾಗ ಮಾತ್ರ
ಕಾಲು ತಾನಾಗಿ ಬ್ರೇಕಿಗೆ.