ಇಪ್ಪತ್ತೇಳನೆಯದು

ಅರವತ್ನಾಲ್ಕರ ಫಿಯಟ್ಟು, ಕೆನೆಬಣ್ಣ.
ಪಿ.ಬಿ. ರಸ್ತೆಯ ನನ್ನ ತಗಡಿನ ನೆರಳಿಗೆ ಬಂದು ನಿಂತಾಗ
ಎಂಜಿನ್ನು ಆರಿದ ಮೇಲೂ ಸೀಟು ಮಾತಾಡುತ್ತಿತ್ತು.

"ಕೂತರೆ ಕಿರ್, ಎದ್ದರೆ ಕಿರ್.
ಹರಿಹರ ಮುಟ್ಟೋದ್ರೊಳಗೆ ತಲೆ ಕೆಟ್ಟೋಗತ್ತೆ ಬುಡೇನ್ ಸಾಬ್ರೆ,
ಒಂದು ಸೊಲ್ಲೂ ಇರಬಾರದು" ಅಂದ ಬಕ್ಕೇಶಪ್ಪನವರು
ಬೀಗದಕೈ ನನ್ನ ಅಂಗೈಗೆ ಹಾಕಿ
ದೋಸೆ ತಿನ್ನಲು ಹೋದರು.

ಕೊಟ್ರಮ್ಮನವರು ಹೋಗಲಿಲ್ಲ.
ಟೈರಿನ ಮೇಲೆ ಹಲಗೆ ಹಾಕಿಕೊಟ್ಟೆ, ಕೂತರು.

ರೆಕ್ಸಿನ್ ಬಿಚ್ಚಿದೆ. ಅದರಡಿ ತೆಂಗಿನ ನಾರು, ಹುಡಿಯಾದದ್ದು.
ಅದರಡಿ ಗೋಣಿ: ಯಾವುದೋ ಮಂಡಿಯ ಅರ್ಧ ಹೆಸರು,
ತೂಕ ಮಾತ್ರ ಪೂರ್ತಿ ಓದಬಹುದು.
ಅದರಡಿ ಸ್ಪ್ರಿಂಗು. ಸೀಮೆಸುಣ್ಣದ ಗುರುತು ಹಾಕುತ್ತ
ಜಬೀವುಲ್ಲಾ ಎಣಿಸಿದ: ಇಪ್ಪತ್ತೇಳು.

ಸದ್ದು ಹಿಡಿಯುವುದಕ್ಕೆ ಕಣ್ಣು ಬೇಡ.
ಹೆಬ್ಬೆರಳಲ್ಲಿ ಒಂದೊಂದನ್ನೇ ಒತ್ತಬೇಕು,
ಮಗುವಿನ ಹೊಟ್ಟೆ ನೋಡುವ ಹಾಗೆ.
ತುಕ್ಕು ಹಿಡಿದದ್ದು ಕೆಮ್ಮುತ್ತದೆ.
ಪಕ್ಕದ್ದಕ್ಕೆ ಮೈ ಉಜ್ಜುವುದು ಸೀಟಿ ಹೊಡೆಯುತ್ತದೆ.
ಕ್ಲಿಪ್ಪು ಸಡಿಲಾದದ್ದು ಮಾತ್ರ
ಕೂತಾಗ ಸುಮ್ಮನಿದ್ದು, ನೀವು ಎದ್ದ ಮೇಲೆ ಅನ್ನುತ್ತದೆ.

ಗ್ರೀಸ್ ಹಚ್ಚುವವರಿದ್ದಾರೆ. ನಾನು ಹಚ್ಚೋದಿಲ್ಲ,
ಎರಡು ಬೇಸಿಗೆಗೆ ಧೂಳು ತಿಂದು ಕಲ್ಲಾಗುತ್ತದೆ.
ಸೈಕಲ್ ಟ್ಯೂಬು ಪಟ್ಟಿ ಪಟ್ಟಿ ಕತ್ತರಿಸಿ
ತಂತಿಗೆ ತಂತಿ ತಾಗುವಲ್ಲೆಲ್ಲ ಸುತ್ತಿ
ಮೇಣ ಉಜ್ಜಿದ ದಾರದಲ್ಲಿ ಬಿಗಿದೆ.
ಮಧ್ಯಾಹ್ನದ ಬಾಂಗ್ ಆಗುವಷ್ಟರಲ್ಲಿ
ಇಪ್ಪತ್ತಾರು ಬಾಯಿ ಮುಚ್ಚಿದವು.

ಆಗ ಕೊಟ್ರಮ್ಮನವರು ಹಲಗೆ ಬಿಟ್ಟು ಹತ್ತಿರ ಬಂದರು.
"ನನ್ನ ಕಡೇದು, ಅದೊಂದು ಬಿಡ್ರಿ."
ಕೇಳಿಸಿತು. ಆದರೂ ಏನಂದ್ರಿ ಅಂದೆ.
"ರಾತ್ರಿ ಚಿತ್ರದುರ್ಗದಿಂದ ಬರುವಾಗ
ಅವರ ತಲೆ ಸ್ಟೇರಿಂಗಿಗೆ ಬಾಗ್ತದೆ.
ಎಬ್ಬಿಸಿದ್ರೆ, ನಾನೆಲ್ಲಿ ಮಲಗಿದ್ದೆ ಅಂತ ಜಗಳ.
ಅದಕ್ಕೆ ಕೂತಲ್ಲೇ ಒಮ್ಮೆ ಕುಪ್ಪಳಿಸ್ತೀನಿ.
ಸೀಟಿಗೆ ಬಯ್ಕೊಂತ ಎಚ್ಚರಾಗ್ತಾರೆ."

ಮೂವತ್ತೊಂದು ವರ್ಷದ ಕಸುಬು.
ಬುಡೇನ್ ಕೈ ದಾಟಿದ ಸೀಟು ಉಸಿರೆತ್ತಲ್ಲ ಅಂತ
ಲಾರಿಯವರು ಹೇಳ್ತಾರೆ;
ಹೇಳಲಿ ಅಂತಲೇ ನಾನೂ ದುಡಿದದ್ದು.
ಜಬೀವುಲ್ಲಾ ನನ್ನ ಮುಖ ನೋಡಿದ.
ಟ್ಯೂಬಿನ ಕೊನೇ ತುಂಡು ಅವನ ಕೈಯಲ್ಲೇ ಇತ್ತು.
"ಸಾಕು, ಮುಚ್ಚು" ಅಂದೆ.

ಹೊಸ ನಾರು, ಹೊಸ ಗೋಣಿ, ಮೇಲೆ ಹಳೇ ರೆಕ್ಸಿನ್ನೇ.

ತಿಂಗಳಾದ ಮೇಲೆ ಬಕ್ಕೇಶಪ್ಪನವರು ಗಾಡಿ ನಿಲ್ಲಿಸಿ
ಕಿಟಕಿಯಿಂದಲೇ ಕೂಗಿದರು:
"ಎಲ್ಲಾ ಸರಿ, ಆದ್ರೆ ಎಲ್ಲೋ ಒಂದು ಉಳಕೊಂಡಿದೆ ಸಾಬ್ರೆ.
ಅದೂ ರಾತ್ರಿ ಹೊತ್ತೇ."
"ಹಳೇ ಗಾಡಿ ಸಾರ್" ಅಂದೆ,
"ತಂಪಿಗೆ ಕಬ್ಬಿಣ ಕುಗ್ಗತದೆ."

ಕೊಟ್ರಮ್ಮನವರು ಆ ಕಡೆ ಮುಖ ಮಾಡಿ
ಮನೆಯೆತ್ತರ ಮಂಡಕ್ಕಿ ಮೂಟೆ ಹೇರಿಕೊಂಡು
ಹಗುರಾಗಿ ಹೋಗುವ ಟಂಟಂ ನೋಡುತ್ತಿದ್ದರು.